ಧಾರವಾಡದ ಅಟ್ಟ, ಶಿಕಾಗೊದ ಪೆಟ್ಟಿಗೆ: ಎ.ಕೆ. ರಾಮಾನುಜನ್ ಕಾಗದಗಳು

ನಮ್ಮ ಚಿಂಚವಾಡದಿಂದ ಯರವಡಾ ಕಡೆ ಹೋದ್ರೆ ಡೆಕ್ಕನ್ ಕಾಲೇಜು ಇದೆಯಲ್ಲ, 1958ರ ಹೊತ್ತಿಗೆ ಮೈಸೂರಿನ ಎ.ಕೆ. ರಾಮಾನುಜನ್ ಭಾಷಾವಿಜ್ಞಾನ ಕಲಿತಿದ್ದು ಅಲ್ಲೇ. ಮುಂದೆ ಅಮೆರಿಕಕ್ಕೆ ಹೋಗಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. 1993ರಲ್ಲಿ ಅಲ್ಲೇ ತೀರಿಕೊಂಡರು.

ಆದರೆ ಅವರ ಕನ್ನಡ ಕವಿತೆಗಳು ಪುಸ್ತಕವಾಗಿದ್ದು ಧಾರವಾಡದಲ್ಲಿ. 1969ರ ‘ಹೊಕ್ಕುಳಲ್ಲಿ ಹೂವಿಲ್ಲ’ ಸಂಕಲನವನ್ನು ತಂದಿದ್ದು ಮನೋಹರ ಗ್ರಂಥಮಾಲೆ, ಜಿ.ಬಿ. ಜೋಶಿ 1933ರಲ್ಲಿ ಶುರುಮಾಡಿದ, ‘ಅಟ್ಟ’ ಅಂತಲೇ ಹೆಸರಾದ ಪ್ರಕಾಶನ.

ಹಾಗಾದ್ರೆ ಕರಡು, ಡೈರಿ, ಪತ್ರಗಳು? ಅವು ಶಿಕಾಗೊ ವಿಶ್ವವಿದ್ಯಾಲಯದ ರೀಜೆನ್‌ಸ್ಟೈನ್ ಗ್ರಂಥಾಲಯದಲ್ಲಿವೆ. 2019ರಲ್ಲಿ ಬಂದ ಅವರ ಡೈರಿ ಪುಸ್ತಕ ‘ಜರ್ನೀಸ್’ ಹುಟ್ಟಿದ್ದು ಆ ಕಾಗದಗಳಿಂದಲೇ. ಅಚ್ಚಾದ ಪುಸ್ತಕ ಅಂದ್ರೆ ಫೈನಲ್ ರಿಲೀಸ್. ಕವಿ ಎಲ್ಲಿ ಹೊಡೆದುಹಾಕಿದ, ಎಲ್ಲಿ ಅನುಮಾನಪಟ್ಟ ಅನ್ನೋ ಕಮಿಟ್ ಹಿಸ್ಟರಿ ಕರಡಿನಲ್ಲಿ ಮಾತ್ರ ಸಿಗುತ್ತೆ.

ಇನ್ನೊಂದು ವಿಷಯ. ಅವರ ಮೈಸೂರಿನ ಮನೆಯಲ್ಲಿ ಕೆಳಗೆ ಅಮ್ಮನ ತಮಿಳು, ಮಹಡಿಯಲ್ಲಿ ಅಪ್ಪನ ಇಂಗ್ಲಿಷು. ಕನ್ನಡ ಹೊರಗಿನ ಬೀದಿಯದು. ಆ ಬೀದಿಯ ಭಾಷೆಯನ್ನು ಅವರು ಶಿಕಾಗೊದಲ್ಲಿ ಕೂತು ಬರೆದು ಉಳಿಸಿಕೊಂಡರು. ನಮ್ಮ ಮಕ್ಕಳಿಗೆ ಇಲ್ಲಿ ಉಲ್ಟಾ: ಬೀದೀಲಿ ಮರಾಠಿ, ಸ್ಕೂಲಲ್ಲಿ ಇಂಗ್ಲಿಷು, ಮನೇಲಿ ಮಾತ್ರ ಕನ್ನಡ. ಅದೂ ಬರೀ ಮಾತು, ಕಾಗದದ ಮೇಲೆ ಏನೂ ಇಲ್ಲ.

ಹೋದ ಸಲ ಮನೆ ಬದಲಿಸುವಾಗ ಅಜ್ಜಿಯ ಹಳೇ ಇನ್‌ಲ್ಯಾಂಡ್ ಲೆಟರ್‌ಗಳನ್ನು ನಾನೇ ರದ್ದಿಗೆ ಹಾಕಿದೆ. ಒಂದನ್ನೂ ಬಿಡಿಸಿ ಓದಿರಲಿಲ್ಲ. ನಿಮ್ಮನೇಲಿ ಅಂಥ ಕಟ್ಟು ಇದ್ರೆ, ದಯವಿಟ್ಟು ಇವತ್ತೇ ಬಿಚ್ಚಿ ನೋಡಿ.