ಬೀಳುವ ನೀರು ಯಾರದು? ಐಸ್‌ಲ್ಯಾಂಡಿನ ಮೂರು ಜಲಪಾತಗಳ ಕತೆ

ಐಸ್‌ಲ್ಯಾಂಡಿಗೆ ಹೋಗಿಬಂದವರ ಫೋಟೋಗಳಲ್ಲಿ ಮನುಷ್ಯರಿಗಿಂತ ಜಲಪಾತಗಳೇ ಹೆಚ್ಚು. ಅಲ್ಲಿ ಜನ ಕಡಿಮೆ, ನಾಲ್ಕು ಲಕ್ಷವೂ ಇಲ್ಲ. ನೀರು ಮಾತ್ರ ಹೇರಳ. ನೆಲದ ಸುಮಾರು ಹತ್ತನೇ ಒಂದು ಭಾಗವನ್ನು ಹಿಮನದಿಗಳು ಮುಚ್ಚಿವೆ. ಅವು ಕರಗಿ ಹರಿಯುವ ನೀರು ಜ್ವಾಲಾಮುಖಿಗಳು ಕಟ್ಟಿದ ಎಳೆಯ ಬಂಡೆಗಳ ಮೇಲಿಂದ ಸಮುದ್ರದ ಕಡೆಗೆ ಓಡುತ್ತದೆ. ದಕ್ಷಿಣದ ಸೆಲ್ಯಾಲಂಡ್ಸ್‌ಫಾಸ್ ಮತ್ತು ಸ್ಕೋಗಾಫಾಸ್ ಎರಡೂ ಸುಮಾರು 60 ಮೀಟರ್ ಎತ್ತರದಿಂದ ಬೀಳುವುದು ಒಂದು ಕಾಲದ ಕಡಲಂಚಿನ ಬಂಡೆಗೋಡೆಯಿಂದ. ಸಮುದ್ರ ಹಿಂದೆ ಸರಿಯಿತು, ಗೋಡೆ ಉಳಿಯಿತು. ‘ಫಾಸ್’ ಎಂದರೆ ಅಲ್ಲಿನ ಭಾಷೆಯಲ್ಲಿ ಜಲಪಾತ.

ಇಷ್ಟನ್ನು ಯಾವ ಪ್ರವಾಸಿ ಕೈಪಿಡಿಯಾದರೂ ಹೇಳುತ್ತದೆ. ಆದರೆ ಅಲ್ಲಿನ ಕೆಲವು ಜಲಪಾತಗಳ ಎದುರು ನಿಂತಾಗ ನಾವು ನೋಡುತ್ತಿರುವುದು ಪ್ರಕೃತಿಯನ್ನು ಮಾತ್ರವಲ್ಲ. ಆ ನೀರು ಅಲ್ಲಿ ಬೀಳಬೇಕೆಂದು, ಅಥವಾ ಇನ್ನೂ ಬೀಳುತ್ತಿರಲೆಂದು, ಯಾರೋ ಯಾವಾಗಲೋ ಬಯಸಿದ್ದಾರೆ, ಜಗಳವಾಡಿದ್ದಾರೆ. ಆ ಜಗಳದ ಮೇಲೆ ಆಮೇಲಿನವರು ಕತೆಗಳನ್ನು ಕಟ್ಟಿದ್ದಾರೆ. ಕತೆ ಯಾವುದು, ನಡೆದದ್ದು ಯಾವುದು ಎಂದು ಬಿಡಿಸಿ ನೋಡಿದರೆ ಸಿಗುವ ಚರಿತ್ರೆ ಕತೆಗಿಂತ ಕಡಿಮೆ ಸ್ವಾರಸ್ಯದ್ದಲ್ಲ.

ರಾಜಧಾನಿ ರೇಕ್ಯಾವಿಕ್‌ನಿಂದ ಹೊರಟ ಪ್ರವಾಸಿ ಬಸ್ಸುಗಳು ಸಾಮಾನ್ಯವಾಗಿ ಮೊದಲು ನಿಲ್ಲುವುದು ಥಿಂಗ್‌ವೆಟ್ಲಿರ್ ಬಯಲಿನಲ್ಲಿ. ಐಸ್‌ಲ್ಯಾಂಡಿಗರು 930ರಲ್ಲಿ ‘ಆಲ್ಥಿಂಗ್’ ಎಂಬ ಮಹಾಸಭೆಯನ್ನು ಆರಂಭಿಸಿದ ಜಾಗ ಇದು. ಅವರಿಗೆ ರಾಜನಿರಲಿಲ್ಲ. ಬೇಸಿಗೆಯಲ್ಲಿ ನಾಡಿನ ಮುಖಂಡರೆಲ್ಲ ಇಲ್ಲಿ ಸೇರಿ ಕಾನೂನು ಕೇಳುತ್ತಿದ್ದರು, ವ್ಯಾಜ್ಯ ತೀರಿಸುತ್ತಿದ್ದರು. ಬಯಲಿನ ಅಂಚಿನ ಕಪ್ಪು ಬಂಡೆಯಿಂದ ಓಕ್ಸರಾ ನದಿ ಧುಮುಕುತ್ತದೆ. ಇದೇ ಓಕ್ಸರಾಫಾಸ್. ಸಭೆಗೆ ಬರುವವರಿಗೆ ನೀರು ಬೇಕೆಂದು ನದಿಯ ದಿಕ್ಕನ್ನೇ ತಿರುಗಿಸಲಾಯಿತೆಂದು ಮಧ್ಯಯುಗದ ಸಾಗಾ ಗ್ರಂಥವೊಂದು ಹೇಳುತ್ತದೆ. ಅದು ನಿಜವಾದರೆ ಅಲ್ಲಿ ಅತ್ಯಂತ ‘ನೈಸರ್ಗಿಕ’ವಾಗಿ ಕಾಣುವ ದೃಶ್ಯ ಮನುಷ್ಯರು ಮಾಡಿದ್ದು.

ಅದೇ ನದಿಯಲ್ಲಿ ಸ್ವಲ್ಪ ಕೆಳಗೆ ಒಂದು ಮಡು ಇದೆ. ಹೆಸರು ‘ಡ್ರೆಕಿಂಗಾರ್‌ಹಿಲುರ್’, ಅಂದರೆ ಮುಳುಗಿಸುವ ಮಡು. ಡೆನ್ಮಾರ್ಕಿನ ಆಳ್ವಿಕೆಯಲ್ಲಿ, 1564ರಲ್ಲಿ, ‘ದೊಡ್ಡ ತೀರ್ಪು’ ಎಂಬ ಕಠಿಣ ನೀತಿಸಂಹಿತೆ ಜಾರಿಗೆ ಬಂತು. ಅದರ ನಂತರದ ಕಾಲದಲ್ಲಿ ನಿಷಿದ್ಧ ಸಂಬಂಧ, ಶಿಶುಹತ್ಯೆ ಮುಂತಾದ ಆರೋಪ ಹೊತ್ತ ಹೆಂಗಸರನ್ನು ಇಲ್ಲಿ ಮುಳುಗಿಸಿ ಕೊಲ್ಲಲಾಯಿತು. ಗಂಡಸರಿಗಾದರೆ ಶಿರಚ್ಛೇದ. ಹೀಗೆ ಸತ್ತ 18 ಹೆಂಗಸರ ಲೆಕ್ಕ ಸಿಕ್ಕಿದೆ. ಮಡುವಿನ ನೀರು ಇಂದು ಬಹಳ ತಿಳಿಯಾಗಿದೆ. ಫಲಕ ಓದದೆ ದಾಟಿದವರಿಗೆ ಅದೊಂದು ಚೆಂದದ ತಾಣ, ಅಷ್ಟೆ.

ಉತ್ತರದಲ್ಲಿ ಗೋದಾಫಾಸ್ ಇದೆ. ಎತ್ತರ ಸುಮಾರು 12 ಮೀಟರ್ ಮಾತ್ರ, ಆದರೆ ಕುದುರೆಲಾಳದ ಆಕಾರದಲ್ಲಿ ಅಗಲವಾಗಿ ಬೀಳುವ ಅದರ ನೋಟಕ್ಕೆ ಸಾಟಿ ಕಡಿಮೆ. ಮಾರ್ಗದರ್ಶಿಗಳು ಹೇಳುವ ಕತೆ ಹೀಗಿದೆ. ಸುಮಾರು 1000ನೇ ಇಸವಿಯಲ್ಲಿ ನಾಡು ಹಳೆಯ ದೇವರುಗಳವರು, ಕ್ರೈಸ್ತರು ಎಂದು ಎರಡು ಹೋಳಾಗಿತ್ತು. ತೀರ್ಮಾನ ಹೇಳುವ ಹೊಣೆ ಸಭೆಯ ಕಾನೂನುವಾಚಕ ಥೋರ್ಗೈರ್‌ನ ಮೇಲೆ ಬಿತ್ತು. ಅವನು ಕ್ರೈಸ್ತಧರ್ಮದ ಪರ ತೀರ್ಪು ಕೊಟ್ಟು, ಊರಿಗೆ ಮರಳುವಾಗ ತನ್ನ ಮನೆಯ ದೇವರ ಮೂರ್ತಿಗಳನ್ನು ಈ ಜಲಪಾತಕ್ಕೆ ಎಸೆದನಂತೆ. ಅದಕ್ಕೇ ಇದು ‘ದೇವರುಗಳ ಜಲಪಾತ’.

ಇದರಲ್ಲಿ ತೀರ್ಪಿನ ಭಾಗ ಚರಿತ್ರೆ. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಆರಿ ಥೋರ್ಗಿಲ್ಸನ್ ಬರೆದ ‘ಐಸ್‌ಲ್ಯಾಂಡಿಗರ ಪುಸ್ತಕ’ ಅದನ್ನು ವಿವರಿಸುತ್ತದೆ. ಥೋರ್ಗೈರ್ ಸ್ವತಃ ಹಳೆಯ ದೇವರುಗಳ ಭಕ್ತ. ಒಂದು ಹಗಲು, ಒಂದು ರಾತ್ರಿ ಅವನು ಮೇಲಂಗಿ ಹೊದ್ದು ಮಾತಿಲ್ಲದೆ ಮಲಗಿದ್ದ. ಎದ್ದವನು, ನಾಡಿಗೆ ಎರಡು ಕಾನೂನಾದರೆ ನೆಮ್ಮದಿ ಉಳಿಯದೆಂದು ವಾದಿಸಿ ಎಲ್ಲರೂ ದೀಕ್ಷಾಸ್ನಾನ ಪಡೆಯಬೇಕೆಂದ. ಜೊತೆಗೆ ರಿಯಾಯಿತಿಯನ್ನೂ ಕೊಟ್ಟ. ಕುದುರೆ ಮಾಂಸ ತಿನ್ನಬಹುದು, ಹಳೆಯ ದೇವರಿಗೆ ಗುಟ್ಟಾಗಿ ಬಲಿ ಕೊಡಬಹುದು, ಸಾಕ್ಷಿ ಸಿಕ್ಕರೆ ಮಾತ್ರ ಶಿಕ್ಷೆ. ಬೇಡದ ಶಿಶುಗಳನ್ನು ಹೊರಗೆ ಬಿಟ್ಟು ಸಾಯಿಸುವ ಕ್ರೂರ ಪದ್ಧತಿಗೂ ಆಗ ತಡೆ ಬೀಳಲಿಲ್ಲ.

ಆದರೆ ಆರಿಯ ಪುಸ್ತಕದಲ್ಲಿ ಜಲಪಾತವಿಲ್ಲ, ಎಸೆದ ಮೂರ್ತಿಗಳೂ ಇಲ್ಲ. ಆ ಭಾಗ ಬರಹಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಜಲಪಾತದ ಹೆಸರು ದೇವರಿಂದ ಬಂತೋ, ‘ಗೋದಿ’ ಎಂದು ಕರೆಸಿಕೊಳ್ಳುತ್ತಿದ್ದ ಮುಖಂಡನಿಂದ ಬಂತೋ ಎಂಬ ಚರ್ಚೆಯೂ ಇದೆ. ಇಂಥ ಕತೆ ಯಾಕೆ ಬೇಕಾಯಿತೆಂದು ಊಹಿಸುವುದು ಕಷ್ಟವಲ್ಲ. ನಿಜವಾದ ತೀರ್ಪು ಒಂದು ಚೌಕಾಸಿ, ಹಳೆಯದನ್ನು ಪೂರ್ತಿ ಬಿಡದೆ ಹೊಸದನ್ನು ಒಪ್ಪುವ ಜಾಣ್ಮೆ. ಮೂರ್ತಿಗಳನ್ನು ನೀರಿಗೆಸೆಯುವ ದೃಶ್ಯದಲ್ಲಿ ಚೌಕಾಸಿಗೆ ಜಾಗವಿಲ್ಲ. ಅದು ಚಿತ್ರಕ್ಕೆ ಒಗ್ಗುತ್ತದೆ. ಹತ್ತಿರದ ಅಕುರೇರಿ ಊರಿನ ಚರ್ಚಿನ ಬಣ್ಣದ ಗಾಜಿನ ಕಿಟಕಿಯೊಂದರಲ್ಲಿ ಅದು ಚಿತ್ರವೂ ಆಗಿದೆ.

ಕತೆಗೂ ನಡೆದದ್ದಕ್ಕೂ ಇರುವ ಅಂತರ ಇನ್ನೂ ಹೆಚ್ಚು ಕಾಡುವುದು ಗುಲ್‌ಫಾಸ್‌ನಲ್ಲಿ. ‘ಚಿನ್ನದ ಜಲಪಾತ’ ಎಂಬ ಅರ್ಥದ ಇದು ಐಸ್‌ಲ್ಯಾಂಡಿನ ಅತಿ ಪ್ರಸಿದ್ಧ ಜಲಪಾತಗಳಲ್ಲೊಂದು. ಲಾಂಗ್‌ಯೋಕುಲ್ ಹಿಮನದಿಯ ನೀರು ಹೊತ್ತ ಹ್ವಿಟಾ ನದಿ ಇಲ್ಲಿ 11 ಮೀಟರಿನ ಒಂದು ಮೆಟ್ಟಿಲು, 21 ಮೀಟರಿನ ಇನ್ನೊಂದು ಮೆಟ್ಟಿಲು ಇಳಿದು ಕಿರಿದಾದ ಕಮರಿಯೊಳಗೆ ಮರೆಯಾಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೀಳುವ ನೀರನ್ನು ನೋಡುವ ಕಣ್ಣು ಬದಲಾಯಿತು. ಅದು ವಿದ್ಯುತ್ತಾಗಬಲ್ಲದೆಂದು ಗೊತ್ತಾದ ಮೇಲೆ ವಿದೇಶಿ ಹಣ ಐಸ್‌ಲ್ಯಾಂಡಿನ ನದಿಗಳನ್ನು ಹುಡುಕಿಕೊಂಡು ಬಂತು. ಆಗ ಐಸ್‌ಲ್ಯಾಂಡ್ ಡೆನ್ಮಾರ್ಕಿನ ಅಧೀನದಲ್ಲಿದ್ದ ಬಡ ನಾಡು. ಗಾಬರಿಯಾದ ಶಾಸಕರು 1907ರಲ್ಲಿ ಜಲಪಾತಗಳ ಮೇಲೆ ವಿದೇಶಿಯರ ಹಕ್ಕನ್ನು ಮಿತಗೊಳಿಸುವ ಕಾನೂನು ತಂದರು. ಹಾಗೆಂದು ವಿದ್ಯುತ್ತಿನ ಕನಸು ಕಂಡವರೆಲ್ಲ ಹೊರಗಿನವರೇ ಆಗಿರಲಿಲ್ಲ. ಥ್ಯೋರ್ಸಾ ನದಿಯನ್ನು ಪಳಗಿಸಲೆಂದು 1914ರಲ್ಲಿ ‘ಟೈಟಾನ್’ ಕಂಪನಿಯನ್ನು ಕಟ್ಟಿದವನು ನಾಡಿನ ದೊಡ್ಡ ಕವಿ ಐನಾರ್ ಬೆನೆಡಿಕ್ಟ್‌ಸನ್. ಬಡತನದಿಂದ ಬಿಡುಗಡೆಗೆ ಅವನಿಗೆ ಕಂಡ ದಾರಿ ಅದು.

ಗುಲ್‌ಫಾಸ್ ಇದ್ದದ್ದು ರೈತರ ಜಮೀನಿನಲ್ಲಿ. ಮಾಲೀಕರಲ್ಲೊಬ್ಬ ಬ್ರಾಟ್‌ಹೋಲ್ಟ್ ಹೊಲಮನೆಯ ತೋಮಸ್ ತೋಮಸ್ಸನ್. ಇಂಗ್ಲಿಷಿನವನೊಬ್ಬ ಕೊಳ್ಳಲು ಬಂದಾಗ, ಗೆಳೆಯನನ್ನು ಮಾರುವುದಿಲ್ಲವೆಂದು ತೋಮಸ್ ಹೇಳಿದನೆಂಬ ಪ್ರತೀತಿ ಇದೆ. ಆದರೂ ಜಲಪಾತ ಗುತ್ತಿಗೆಗೆ ಹೋಯಿತು. ಗುತ್ತಿಗೆ ವಿದೇಶಿ ಹೂಡಿಕೆದಾರರ ಕೈ ಸೇರಿತು. ಅದನ್ನು ಒಪ್ಪದೆ ಎದ್ದು ನಿಂತವಳು ತೋಮಸ್‌ನ ಮಗಳು ಸಿಗ್ರಿದುರ್ ತೋಮಸ್‌ದೋತ್ತಿರ್ (1871–1957). ಅವಳೂ ಅವಳ ಸೋದರಿಯರೂ ನೋಡಲು ಬಂದವರಿಗೆ ದಾರಿ ತೋರಿಸುತ್ತಿದ್ದರು. ನೀರಿನ ಬಳಿಗೆ ಮೊದಲ ಕಾಲುದಾರಿ ಮಾಡಿದವರೂ ಅವರೇ.

ಗುತ್ತಿಗೆ ರದ್ದಾಗಬೇಕೆಂದು ಸಿಗ್ರಿದುರ್ ಕೋರ್ಟಿಗೆ ಹೋದಳು. ಕೂಡಿಟ್ಟ ಹಣ ಖರ್ಚು ಮಾಡಿದಳು. ಅಧಿಕಾರಿಗಳನ್ನು ಕಾಣಲು ನೂರು ಕಿಲೋಮೀಟರಿಗೂ ದೂರದ ರೇಕ್ಯಾವಿಕ್‌ಗೆ ಹೋಗಿಬಂದಳು. ನಡೆದೇ ಹೋದಳೆಂದು ಜನ ಹೇಳುತ್ತಾರೆ. ಕೆಲಸ ಶುರುವಾದರೆ ಜಲಪಾತಕ್ಕೆ ಹಾರುವೆನೆಂದು ಬೆದರಿಸಿದಳೆಂಬ ಕತೆಯೂ ಇದೆ. ಈ ಬೆದರಿಕೆಯ ಮಾತು ನಿಜವಲ್ಲ ಎನ್ನುವವರೂ ಇದ್ದಾರೆ. ಅವಳಿಗೆ ನೆರವಾದ ವಕೀಲ ಸ್ವೇಯ್ನ್ ಬ್ಯೋರ್ನ್‌ಸನ್ ಮುಂದೆ 1944ರಲ್ಲಿ ಸ್ವತಂತ್ರ ಗಣರಾಜ್ಯದ ಮೊದಲ ಅಧ್ಯಕ್ಷನಾದ.

ಒಬ್ಬ ರೈತ ಹೆಂಗಸು ಬಂಡವಾಳವನ್ನು ಸೋಲಿಸಿದಳೆಂದು ಇಲ್ಲಿಗೆ ಕತೆ ಮುಗಿಸಿಬಿಡುವುದು ವಾಡಿಕೆ. ಆದರೆ ಕೋರ್ಟಿನಲ್ಲಿ ಅವಳು ಗೆಲ್ಲಲಿಲ್ಲ. ಗುತ್ತಿಗೆ ಬಿದ್ದುಹೋದದ್ದು 1929ರಲ್ಲಿ, ಗುತ್ತಿಗೆದಾರರು ಬಾಡಿಗೆ ಕಟ್ಟದೇ ಇದ್ದುದರಿಂದ. ಮುಂದೆ ಜಲಪಾತ ಸರ್ಕಾರದ ಸ್ವತ್ತಾಯಿತು. ಅದು ಸಂರಕ್ಷಿತ ಪ್ರದೇಶವಾದದ್ದು 1979ರಲ್ಲಿ, ಅವಳು ತೀರಿಕೊಂಡು 22 ವರ್ಷಗಳಾದ ಮೇಲೆ.

ಹಾಗಾದರೆ ಅವಳ ಹೋರಾಟ ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಗುತ್ತಿಗೆ ಪತ್ರದಲ್ಲಿ ಗುಲ್‌ಫಾಸ್ ಎಂದರೆ ಇಷ್ಟು ನೀರು, ಇಷ್ಟು ಎತ್ತರ, ಇಷ್ಟು ಬಾಡಿಗೆ. ಸಹಿಯಾದ ವ್ಯವಹಾರವನ್ನು ಅವಳು ವರ್ಷಗಟ್ಟಲೆ ಮುಗಿಯದ ವಿವಾದವಾಗಿ ಇಟ್ಟಳು. ಜಲಪಾತವೊಂದು ಅದರ ಮಾಲೀಕರಿಗಷ್ಟೇ ಸೇರಿದ್ದಲ್ಲ ಎಂಬ ಮಾತಿಗೆ ಅಂದಿನ ಕಾನೂನಿನಲ್ಲಿ ಜಾಗವಿರಲಿಲ್ಲ. ಆದ್ದರಿಂದ ಅವಳು ಸೋತಳು. ಆ ಮಾತು ಕಾನೂನಿನೊಳಗೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಆ ಅರ್ಧ ಶತಮಾನ ಶಾಂತವಾಗೇನೂ ಕಳೆಯಲಿಲ್ಲ. ಟೈಟಾನ್ ಕಂಪನಿಗೆ ಕೈಗೂಡದ ಥ್ಯೋರ್ಸಾದ ಕನಸು 1969ರಲ್ಲಿ ಬೂರ್‌ಫೆಲ್ ವಿದ್ಯುದಾಗಾರವಾಗಿ ನನಸಾಯಿತು. ಮರುವರ್ಷ, 1970ರ ಆಗಸ್ಟ್ 25ರಂದು, ಉತ್ತರದ ಮೀವಾಟ್ನ್ ಸರೋವರದ ಸುತ್ತಲಿನ ರೈತರು ಲಾಕ್ಸಾ ನದಿಯ ಒಂದು ಅಣೆಕಟ್ಟನ್ನು ಡೈನಮೈಟ್ ಇಟ್ಟು ಒಡೆದರು. ನದಿಯ ಮೇಲೆ ಬರಲಿದ್ದ ಇನ್ನೂ ದೊಡ್ಡ ಯೋಜನೆ ತಮ್ಮ ಹೊಲಗಳನ್ನು ಮುಳುಗಿಸುತ್ತದೆಂಬುದು ಅವರ ಸಿಟ್ಟು. 65 ಮಂದಿಯ ಮೇಲೆ ಮೊಕದ್ದಮೆ ನಡೆಯಿತು. ದೊಡ್ಡ ಯೋಜನೆಯನ್ನು ಸರ್ಕಾರ ಕೈಬಿಟ್ಟಿತು. 1974ರಲ್ಲಿ ಮೀವಾಟ್ನ್ ಮತ್ತು ಲಾಕ್ಸಾ ನದಿಯ ರಕ್ಷಣೆಗೆ ಪ್ರತ್ಯೇಕ ಕಾನೂನೇ ಬಂತು.

ಎಲ್ಲ ಜಗಳವೂ ಹೀಗೆ ಮುಗಿಯಲಿಲ್ಲ. ಪೂರ್ವದಲ್ಲಿ 690 ಮೆಗಾವಾಟ್‌ನ ಕಾರಾಹ್ನ್ಯೂಕರ್ ಯೋಜನೆ, 2006ರಲ್ಲಿ ರೇಕ್ಯಾವಿಕ್‌ನ ಬೀದಿಗಳಲ್ಲಿ ದೊಡ್ಡ ಮೆರವಣಿಗೆ ನಡೆದರೂ, ನಿಲ್ಲಲಿಲ್ಲ. ಅದರ ವಿದ್ಯುತ್ತು ಒಂದು ಅಲ್ಯೂಮಿನಿಯಂ ಕಾರ್ಖಾನೆಗಾಗಿ. ಅಣೆಕಟ್ಟಿನಿಂದಾಗಿ ನದಿಯ ಮಟ್ಟ ಇಳಿದು, ಅದುವರೆಗೆ ನೀರಿನಡಿ ಇದ್ದ ಬಸಾಲ್ಟ್ ಕಂಬಗಳ ಸ್ಟುದ್ಲಾಗಿಲ್ ಕಮರಿ ಹೊರಬಿತ್ತು. ಈಗ ಅದೇ ಒಂದು ಜನಪ್ರಿಯ ಪ್ರವಾಸಿ ತಾಣ. ನದಿಯೊಂದನ್ನು ಕಳೆದುಕೊಂಡದ್ದರ ಗುರುತು ಅದೆಂದು ಅಲ್ಲಿ ಫೋಟೋ ತೆಗೆಯುವವರಿಗೆ ಥಟ್ಟನೆ ಹೊಳೆಯುವುದಿಲ್ಲ.

ಐಸ್‌ಲ್ಯಾಂಡಿನ ವಿದ್ಯುತ್ತಿನಲ್ಲಿ ಸುಮಾರು 70 ಪ್ರತಿಶತ ಇಂದಿಗೂ ನದಿಗಳದ್ದೇ. ಹೋಟೆಲಿನ ದೀಪ, ಪ್ರವಾಸಿಯ ಕೈಯಲ್ಲಿನ ಫೋನಿನ ಚಾರ್ಜು ಎರಡರಲ್ಲೂ ಎಲ್ಲೋ ತಡೆದು ನಿಲ್ಲಿಸಿದ ನೀರಿನ ಪಾಲಿದೆ. ಹಾಗಾಗಿ ಕವಿ ಐನಾರ್‌ನನ್ನು ಖಳನಾಯಕನೆಂದು ತಳ್ಳಿಹಾಕುವುದು ಸುಲಭವಲ್ಲ. ಯಾವ ನೀರನ್ನು ತಡೆಯಬೇಕು, ಯಾವುದನ್ನು ಬೀಳಲು ಬಿಡಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಅಲ್ಲಿ ಇನ್ನೂ ಮುಗಿದಿಲ್ಲ. ಗುಲ್‌ಫಾಸ್‌ನ ಮೇಲ್ಬದಿಯಲ್ಲಿ ಶಿಲ್ಪಿ ರಿಕಾರ್ದುರ್ ಯೋನ್‌ಸನ್ ಮಾಡಿದ ಸಿಗ್ರಿದುರ್‌ಳ ಮುಖವಿರುವ ಸ್ಮಾರಕಶಿಲೆ ಇದೆ. ಕೆಳಗೆ ನೀರಿನ ಬಳಿಗೆ ಕಾಲುದಾರಿ ಇಳಿಯುತ್ತದೆ. ಹೋದವರು ಶಿಲೆಯ ಬಳಿಯೂ ಸ್ವಲ್ಪ ಹೊತ್ತು ನಿಲ್ಲಬೇಕು.