ಬೋರ್ಡನ್ನ ನಕಲು ಮಾಡೋದಾ, ಊರನ್ನಾ?

(1/3)
ಹಳೇ ಯುನಿಕ್ಸ್‌ನಲ್ಲಿ ಒಂದು ಫೈಲ್‌ಗೆ ಎರಡು ಹೆಸರು ಬೇಕಂದ್ರೆ ಹಾರ್ಡ್ ಲಿಂಕ್ ಒಂದೇ ದಾರಿ. ಪ್ರತಿ ಫೈಲ್‌ಗೂ ಐನೋಡ್ ಅಂತ ಒಂದು ನಂಬರ್ ಇರುತ್ತೆ. ಎರಡೂ ಹೆಸರಿನ ಮುಂದೆ ಅದೇ ನಂಬರ್ ಬರೆದರೆ ಮುಗೀತು. ಆದರೆ ಆ ನಂಬರ್‌ಗೆ ಅರ್ಥ ಇರೋದು ಅದೇ ಫೈಲ್ ಸಿಸ್ಟಮ್ ಒಳಗೆ ಮಾತ್ರ. ಬೇರೆ ಡಿಸ್ಕ್‌ನಲ್ಲಿರೋ ಫೈಲ್‌ಗೆ ಹೀಗೆ ಲಿಂಕ್ ಕೊಡೋಕೆ ಆಗ್ತಿರಲಿಲ್ಲ.

1983ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ 4.2ಬಿಎಸ್‌ಡಿ ಹೊರಬಂತು. ಅದರ ಜೊತೆ ಸಿಂಬಾಲಿಕ್ ಲಿಂಕ್ ಕೂಡ ಬಂತು. ಇದರೊಳಗೆ ನಂಬರ್ ಇಲ್ಲ, 'ಇಂಥ ಕಡೆ ಹೋಗಿ' ಅಂತ ಬರೆದ ವಿಳಾಸ ಇರುತ್ತೆ. ಯೋಚನೆ ಪೂರ್ತಿ ಹೊಸದೇನಲ್ಲ, 1960ರ ದಶಕದ ಮಲ್ಟಿಕ್ಸ್‌ನಲ್ಲೇ ಇಂಥ ಲಿಂಕ್ ಇತ್ತು.

(2/3)
ತೊಂದರೆ ಶುರುವಾಗಿದ್ದು ಇದರ ಒಳ್ಳೇ ಗುಣದಿಂದಲೇ. ಲಿಂಕ್ ತೆರೆದರೆ ಸಿಸ್ಟಮ್ಮೇ ನಿಮ್ಮನ್ನ ಅಸಲಿ ಫೈಲ್ ಹತ್ತಿರ ಕರ್ಕೊಂಡು ಹೋಗುತ್ತೆ. ಮಧ್ಯೆ ಲಿಂಕ್ ಇದೆ ಅಂತ ಪ್ರೋಗ್ರಾಮ್‌ಗೆ ಗೊತ್ತೇ ಆಗಲ್ಲ. ನಕಲು ಮಾಡೋ ಸಿಪಿ ಕಮಾಂಡ್‌ಗೂ ಗೊತ್ತಾಗ್ತಿರಲಿಲ್ಲ! ಬೋರ್ಡ್ ಇದ್ದ ಜಾಗದಲ್ಲಿ ಇಡೀ ಊರನ್ನೇ ತಂದು ಇಟ್ಟುಬಿಡ್ತಿತ್ತು.

ಕಾಮರ್ಸ್‌ನವರಿಗೆ ಇದು ಬೇಗ ಅರ್ಥ ಆಗುತ್ತೆ. ಜರ್ನಲ್‌ನ ಎಲ್.ಎಫ್. ಕಾಲಂನಲ್ಲಿ ನಾವು ಲೆಡ್ಜರ್ ಪುಟದ ನಂಬರ್ ಮಾತ್ರ ಬರೀತೀವಿ. ನಕಲು ಮಾಡೋರು ಆ ನಂಬರ್ ಬದಲು 42ನೇ ಪುಟದ ಖಾತೆಯನ್ನೇ ಪೂರ್ತಿ ಇಳಿಸಿದರೆ? ಇವತ್ತು ಲೆಕ್ಕ ಸರಿಯಾಗೇ ಕಾಣುತ್ತೆ. ನಾಳೆ ಅಸಲಿ ಖಾತೆಗೆ ಹೊಸ ಎಂಟ್ರಿ ಬಿದ್ದಾಗ ನಕಲಲ್ಲಿ ಹಳೇ ಬ್ಯಾಲೆನ್ಸೇ ಇರುತ್ತೆ. ಒಂದೇ ಖಾತೆಗೆ ಎರಡು ಬ್ಯಾಲೆನ್ಸ್, ಯಾವುದನ್ನ ನಂಬ್ತೀರಾ? ಬ್ಯಾಕಪ್‌ನಲ್ಲೂ ಆಗೋದು ಇದೇ, ಜಾಗ ದಂಡ ಆಗೋದು ಬೇರೆ.

(3/3)
ಬರ್ಕ್ಲಿಯವರು ಪರಿಹಾರವನ್ನೂ ಜೊತೆಗೇ ಕೊಟ್ಟಿದ್ದರು. ಎಲ್‌ಸ್ಟ್ಯಾಟ್ ಅನ್ನೋ ಕರೆ ಅಸಲಿ ಫೈಲ್ ಬಿಟ್ಟು ಲಿಂಕ್ ಬಗ್ಗೆಯೇ ಹೇಳುತ್ತೆ. ಅವರ ಟಾರ್ ಪ್ರೋಗ್ರಾಮ್ ಲಿಂಕನ್ನ ಲಿಂಕ್ ಆಗೇ ಕಟ್ಟಿಡ್ತಿತ್ತು. ಹಾಗಾಗಿ ಇಡೀ ಡೈರೆಕ್ಟರಿ ಸಾಗಿಸೋಕೆ ಒಂದು ಕಡೆ ಟಾರ್‌ನಲ್ಲಿ ಕಟ್ಟಿ, ಪೈಪ್ ಮೂಲಕ ಇನ್ನೊಂದು ಕಡೆ ಬಿಚ್ಚೋದು ಯುನಿಕ್ಸ್ ಜನರ ಹಳೇ ರೂಢಿ. ಆಮೇಲೆ ಸಿಪಿಗೂ ಆಯ್ಕೆ ಬಂತು: ದೊಡ್ಡ ಎಲ್ ಹಾಕಿದರೆ ಅಸಲಿ ಫೈಲ್, ದೊಡ್ಡ ಪಿ ಹಾಕಿದರೆ ಲಿಂಕ್. ಈಗ ಲಿನಕ್ಸ್‌ನಲ್ಲಿ 'ಸಿಪಿ ಡ್ಯಾಶ್ ಎ' ಅಂದ್ರೆ ಲಿಂಕ್ ಹಾಗೇ ಉಳಿಯುತ್ತೆ. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮಕೆರಸ್ ತಂದ ಆರ್‌ಸಿಂಕ್‌ನಲ್ಲೂ 'ಡ್ಯಾಶ್ ಎ' ಒಳಗೇ ಲಿಂಕ್ ಉಳಿಸೋ ಆಯ್ಕೆ ಸೇರಿದೆ.

ಒಂದು ಎಚ್ಚರಿಕೆ. ಉಳಿಯೋದು ವಿಳಾಸ ಮಾತ್ರ. ಲಿಂಕ್‌ನಲ್ಲಿ ಹಳೇ ಡಿಸ್ಕ್‌ನ ಪೂರ್ತಿ ವಿಳಾಸ ಇದ್ದರೆ ಹೊಸ ನಕಲೂ ಅಲ್ಲಿಗೇ ಕೈ ತೋರಿಸುತ್ತೆ. ಆ ಡಿಸ್ಕ್ ತೆಗೆದ ದಿನ ಬೋರ್ಡ್ ಇರುತ್ತೆ, ಊರು ಇರಲ್ಲ. ಅದಕ್ಕೇ ಹಳೇದನ್ನ ಅಳಿಸೋ ಮೊದಲು ನಕಲಿನಲ್ಲಿ 'ಎಲ್‌ಎಸ್ ಡ್ಯಾಶ್ ಎಲ್' ಹೊಡೆದು ಪ್ರತಿ ಬಾಣ ಎಲ್ಲಿಗೆ ಹೋಗ್ತಿದೆ ಅಂತ ನೋಡ್ಕೊಳ್ಳಿ.

ಬ್ಯಾಕಪ್ ಮಾಡೋ ಫ್ರೆಂಡ್ ಇದ್ದರೆ ಟ್ಯಾಗ್ ಮಾಡಿ 👇
#ಕನ್ನಡದಲ್ಲಿಟೆಕ್ #ಯುನಿಕ್ಸ್ #ಕಂಪ್ಯೂಟರ್‌ಇತಿಹಾಸ