ಅರಿವಳಿಕೆ, ತಿಳಿವಳಿಕೆ

‘ಅರಿವಳಿಕೆ ತಜ್ಞರು’ ಎಂಬ ಫಲಕ ಕಂಡು, ಪದ ಗೊತ್ತಿಲ್ಲದವರು ಒಳಗೆ ಯಾರೋ ಬುದ್ಧಿ ಹೇಳುವವರು ಕೂತಿದ್ದಾರೆ ಅಂದುಕೊಂಡರೆ ಅವರ ತಪ್ಪಲ್ಲ. ತಿಳಿವಳಿಕೆ, ನಡವಳಿಕೆಗಳ ಪ್ರಾಸಕ್ಕೇ ಅದೂ ನಿಂತಿದೆ. ಅವುಗಳ ಬಾಲದಲ್ಲಿರುವುದು ಬರೀ ಪ್ರತ್ಯಯ. ಇದರಲ್ಲಿ ಮಾತ್ರ ‘ಅಳಿ’ ಎಂಬ ಧಾತು ಅಡಗಿದೆ. ಅರಿವು ಅಳಿಯುವುದೇ ಅರಿವಳಿಕೆ. ಎಲ್ಲ ತಿಳಿದು ಒಪ್ಪಿದ್ದೇನೆ ಎಂದು ರುಜು ಹಾಕಿದ ಮೇಲೆಯೇ ಅದನ್ನು ಕೊಡುತ್ತಾರೆ ಅನ್ನುವುದು ಬೇರೆ ಮಾತು.

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಮೂಸಿಸಿ ಶಸ್ತ್ರಚಿಕಿತ್ಸೆಗೆ ಅನುವು ಮಾಡಿಕೊಟ್ಟ. ಮರುತಿಂಗಳು ಆಲಿವರ್ ವೆಂಡೆಲ್ ಹೋಮ್ಸ್ ಅವನಿಗೆ ಕಾಗದ ಬರೆದು ‘ಅನಸ್ತೇಷಿಯಾ’ ಎಂಬ ಹೆಸರು ಸೂಚಿಸಿದ. ಗ್ರೀಕಿನ ‘ಐಸ್ಥೆಸಿಸ್’ ಅಂದರೆ ಇಂದ್ರಿಯಗಳಿಗೆ ತಾಕುವುದು. ಸೌಂದರ್ಯಶಾಸ್ತ್ರದ ‘ಈಸ್ಥೆಟಿಕ್ಸ್’ ಹುಟ್ಟಿದ್ದೂ ಅದೇ ಬೇರಿನಿಂದ. ರಸವಿಮರ್ಶಕರಿಗೂ ಆಪರೇಷನ್ ಥಿಯೇಟರಿಗೂ ಹೀಗೊಂದು ನಂಟಸ್ತಿಕೆ!

ಗ್ರೀಕರದು ಇಂದ್ರಿಯದ ಮಾತು. ನಾವು ಆರಿಸಿಕೊಂಡದ್ದು ವಚನಕಾರರು ಗುರುಸ್ಥಾನದಲ್ಲಿಟ್ಟ ‘ಅರಿವು’. ಈಥರ್, ಕ್ಲೋರೋಫಾರ್ಮುಗಳಿಗೆ ಅದು ಒಪ್ಪುತ್ತದೆ, ರೋಗಿಗೆ ಲೋಕವೇ ಇರುವುದಿಲ್ಲ. ತೊಡಕು ಶುರುವಾದದ್ದು 1884ರಲ್ಲಿ, ಕಾರ್ಲ್ ಕೋಲರ್ ಕೊಕೇನಿನಿಂದ ಕಣ್ಣನ್ನಷ್ಟೇ ಮರಗಟ್ಟಿಸಿದಾಗ. ಕೊಕೇನಿನ ಬಾಲ ಪ್ರೊಕೇನ್, ಲಿಗ್ನೊಕೇನ್, ಬುಪಿವಕೇನ್‌ಗಳಿಗೆ ಇಂದಿಗೂ ಅಂಟಿಕೊಂಡಿದೆ. ಇವು ನರದೊಳಕ್ಕೆ ಸೋಡಿಯಂ ನುಗ್ಗದಂತೆ ತಡೆಯುತ್ತವೆ, ನೋವಿನ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡುವಾಗ ತಾಯಿ ಎಚ್ಚರವಾಗಿದ್ದು, ಕೂಸು ಅತ್ತದ್ದು ಕೇಳಿ, “ಮಗು ಹೇಗಿದೆ ಡಾಕ್ಟ್ರೇ?” ಅನ್ನುತ್ತಾಳೆ. ಅಲ್ಲಿ ಅಳಿದ ಅರಿವು ಯಾವುದು? ಪಠ್ಯಪುಸ್ತಕದ ‘ಸ್ಥಳೀಯ ಅರಿವಳಿಕೆ’ ಅದಕ್ಕೇ ನನಗೆ ಒಗ್ಗುವುದಿಲ್ಲ. ದವಡೆಗೆ ಅರಿವು ಇದ್ದದ್ದಾದರೂ ಯಾವಾಗ?

ಜನ ಈ ತಂಟೆಯನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಪೂರ್ತಿ ಮಲಗಿಸುವುದು ‘ಮತ್ತು ಬರೋ ಇಂಜೆಕ್ಷನ್’. ಹಲ್ಲು ಕೀಳುವ ಮುಂಚಿನದು ‘ಜೋಮು ಹಿಡಿಯೋದು’. ಮತ್ತಿಗೆ ಹೆಂಡದ ವಾಸನೆಯಿದೆ, ಮಂಪರು ಅನ್ನೋಣವೆಂದರೆ ಅದು ಅರೆನಿದ್ದೆ. ಲಿಗ್ನೊಕೇನಿಗೆ ಸರಿಹೊಂದುವುದು ‘ಮರಗಟ್ಟಿಸುವ ಮದ್ದು’ ಎಂದೇ ನನ್ನ ವಾದ.

ಹಾಗೆಂದು ಅರಿವಳಿಕೆಯನ್ನು ಕೈಬಿಡಬೇಕಿಲ್ಲ. ಹಿಂದಿಯವರ ‘ಸಂಜ್ಞಾಹರಣ’ಕ್ಕಿಂತ ಅದು ಎಷ್ಟೋ ಹಗುರ. ಆದರೆ ಅದರ ವಾಸ ಫಲಕ, ಪತ್ರಿಕೆ, ಪುಸ್ತಕಗಳಲ್ಲಿ. ಥಿಯೇಟರಿನ ಒಳಗೆ ‘ಜನರಲ್ ಅನಸ್ತೇಷಿಯಾ’ ಕೂಡ ಉದ್ದವಾಗಿ, ‘ಸ್ಪೈನಲ್ ಕೊಟ್ರಾ, ಜಿಎ ಕೊಟ್ರಾ?’ ಅನ್ನುವಲ್ಲಿಗೆ ಬಂದಿದೆ.